ಕಬಡ್ಡಿಗೊಂದು ಜಗಳದ ಬಟನ್

ಪತ್ರಿಕೆಯ ಕೆಲಸದಲ್ಲಿ ಒಂದು ದೊಡ್ಡ ಅನುಕೂಲವಿದೆ. ಓದುಗರ ಅಭಿಪ್ರಾಯ ಬರುವುದು ಅಚ್ಚಾದ ಮೇಲೆ. ಅಷ್ಟು ಹೊತ್ತಿಗೆ ಯಾರೂ ಏನೂ ಮಾಡುವಂತಿರುವುದಿಲ್ಲ. ತಪ್ಪಾಗಿದ್ದರೆ ಮರುದಿನ ಒಳಪುಟದ ಮೂಲೆಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ವಿಷಾದಿಸಿದರೆ ಮುಗಿಯಿತು. ಸುದ್ದಿಮನೆಯಲ್ಲೇ ತಲೆ ನರೆಸಿಕೊಂಡ ನಾನು ಈ ಏರ್ಪಾಡನ್ನು ನಾಗರಿಕತೆಯ ಸಾಧನೆಗಳಲ್ಲೊಂದು ಎಂದು ನಂಬಿದ್ದೆ. ನನ್ನ ಮಗಳು ಸಿಂಧು ಅದನ್ನು ನಮ್ಮ ದೊಡ್ಡಬಳ್ಳಾಪುರದ ಮನೆಯ ಹಾಲಿನಲ್ಲೇ ಕೆಡವಿ ಹಾಕಿದಳು.

ಸಿಂಧು ದೇವನಹಳ್ಳಿ ಹತ್ತಿರದ ಒಂದು ಸಣ್ಣ ಕಂಪನಿಯಲ್ಲಿ ಮೊಬೈಲ್ ಗೇಮ್ ಮಾಡುತ್ತಾಳೆ. ಹಿಂದೊಮ್ಮೆ ಅವಳ ತಂಡ ಕ್ರಿಕೆಟ್ ಗೇಮ್ ಮಾಡಿ, ಬಣ್ಣ ಬಳಿದು, ಸಂಗೀತ ಸೇರಿಸಿ, ಎಲ್ಲ ಮುಗಿಸಿದ ಮೇಲೆ ಜನರ ಮುಂದಿಟ್ಟಿತು. ಬೌಲರ್ ಓಡುವುದು ಹೊರಟುಹೋದ ಬಸ್ಸನ್ನು ಹಿಡಿಯುವವನ ಹಾಗಿದೆ ಎಂದು ಆಡಿದವರೆಲ್ಲ ಬರೆದರು. ಹಾಗೇ ಇತ್ತು. ಆದರೆ ಆ ಓಟ ಸರಿಪಡಿಸಲು ಪಾಯದಿಂದ ಒಡೆಯಬೇಕಿತ್ತು. ಗೇಮ್ ಮಕಾಡೆ ಮಲಗಿತು. "ಕಬಡ್ಡಿ ಗೇಮೂ ಹಿಂಗೇ ಆದ್ರೆ ಆಟದ ಸಹವಾಸ ಬಿಟ್ಟು ತರಕಾರಿ ಮಾರೋ ಆ್ಯಪ್ ಮಾಡ್ಕೊಂಡಿರೋಣ" ಎಂದರಂತೆ ಮಾಲೀಕರು. ತರಕಾರಿಯನ್ನು ತಟ್ಟೆಯಂಚಿಗೆ ಸರಿಸಿಯೇ ಬೆಳೆದ ಹುಡುಗಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಇನ್ನೊಂದಿಲ್ಲ.

ಹಾಗಾಗಿ ಈ ಸಲ ಪೂರ್ತಿ ಮಾಡುವುದಕ್ಕೆ ಮೊದಲೇ ತೋರಿಸುವುದು ಎಂದು ನಿರ್ಧರಿಸಿದಳು. ಭಾನುವಾರ ಬೆಳಿಗ್ಗೆ ಪಕ್ಕದ ಹಳ್ಳಿಯ ಕಬಡ್ಡಿ ತಂಡ ನಮ್ಮ ಮನೆಗೆ ಬಂತು. ಮೂವರು ಕೂರುವ ಸೋಫಾದ ಮೇಲೆ ಐವರು ಕೂತರು. ಸೋಫಾ ಏನೋ ಹೇಳಿತು, ಯಾರೂ ಕೇಳಿಸಿಕೊಳ್ಳಲಿಲ್ಲ. ನನ್ನ ಹೆಂಡತಿ ಜಯಮ್ಮ ಉಪ್ಪಿಟ್ಟಿಗೆ ಎರಡನೇ ಸಲ ರವೆ ಹುರಿದಳು. ಟಿವಿಗೆ ಜೋಡಿಸಿದ ಗೇಮಿನ ಕಚ್ಚಾ ರೂಪದಲ್ಲಿ ಮುಖ ಮೂತಿ ಇಲ್ಲದ ಕಡ್ಡಿಗೊಂಬೆಗಳು ಆಡುತ್ತಿದ್ದವು. ನಾನು ಮಗಳನ್ನು ಅಡುಗೆಮನೆಗೆ ಕರೆದು, "ಅರ್ಧಂಬರ್ಧ ಬೆಂದದ್ದನ್ನ ಬಡಿಸ್ತಾರೇನಮ್ಮ?" ಎಂದೆ.

"ಉಪ್ಪು ನೋಡೋಕೆ ಪೂರ್ತಿ ಬೇಯ್ಬೇಕೇನಪ್ಪ?" ಎಂದು ಹೊರಟುಹೋದಳು.

ತಂಡದ ಕ್ಯಾಪ್ಟನ್ ಮುನಿರಾಜು. ವಾರವೆಲ್ಲ ಟೆಂಪೊ ಓಡಿಸುತ್ತಾನೆ. ಟಿವಿಯಲ್ಲಿ ಅಂಪೈರ್ ಶಿಳ್ಳೆ ಹಾಕಿದ, ಒಂದು ಕಡ್ಡಿಗೊಂಬೆ ಔಟಾಗಿ ತಲೆ ತಗ್ಗಿಸಿ ಅಂಕಣದಿಂದಾಚೆ ನಡೆಯಿತು. ಸೋಫಾದಲ್ಲಿದ್ದವರೆಲ್ಲ ಮುಂದಕ್ಕೆ ಬಾಗಿದರು.

"ಏನಕ್ಕಾ, ಸುಮ್ನೆ ಎದ್ದೋಗ್ಬಿಟ್ಟ? ಮೈಗೆ ಹುಷಾರಿಲ್ವಾ ಇವನಿಗೆ?" ಎಂದ ಮುನಿರಾಜು.

"ಔಟ್ ಅಂತ ಅಂಪೈರ್ ಹೇಳಿದ್ರಲ್ಲ" ಎಂದಳು ಸಿಂಧು.

"ಅವರು ಹೇಳ್ತಾರೆ ಕಣಕ್ಕ. ನಾವು ಒಪ್ಬೇಕಲ್ಲ. ಬನಿಯನ್ ಸೋಕ್ತು, ಮೈ ಸೋಕಿಲ್ಲ ಅಂತ ಪಟ್ಟು ಹಿಡೀಬೇಕು. ಅಷ್ಟೊತ್ತಿಗೆ ನಮ್ಮ ರೈಡರ್‌ಗೆ ಉಸಿರು ವಾಪಸ್ ಬಂದಿರುತ್ತೆ. ಇಲ್ದಿದ್ರೆ ಜಗಳ ಆಡೋಕೆ ನಮಗೇನು ಹುಚ್ಚಾ?"

ಮುಂದಿನ ಭಾನುವಾರದ ಹೊತ್ತಿಗೆ ಗೇಮಿನಲ್ಲಿ ಜಗಳದ ಬಟನ್ ಬಂದಿತ್ತು. ಒತ್ತಿದರೆ ರೈಡರ್ ಉಸಿರು ತುಂಬಿಕೊಳ್ಳುತ್ತಾನೆ. ಅತಿಯಾಗಿ ಒತ್ತಿದರೆ ಪಾಯಿಂಟ್ ಹೋಗುತ್ತದೆ. ಕಡ್ಡಿಗೊಂಬೆಗಳಾದ್ದರಿಂದ ಇದು ಸುಲಭದಲ್ಲೇ ಆಯಿತಂತೆ. ಆದರೆ ಈಗ ಅಂಪೈರ್ ಸರಿಯಿಲ್ಲ ಎಂದು ತಕರಾರು ಶುರುವಾಯಿತು. ಅವನು ಬೇಗ ರೇಗುತ್ತಾನೆ, ರೇಗಿದರೆ ಜಗಳ ಬೇಗ ಮುಗಿಯುತ್ತದೆ. ಎಲ್ಲ ಕೇಳಿಸಿಕೊಂಡು ಏನೂ ಮಾಡದಂಥ ಅಂಪೈರ್ ಬೇಕು. ಅಂಥವನು ಇರುತ್ತಾನೋ ಇಲ್ಲವೋ ಎಂದು ಅವರವರಲ್ಲೇ ಜೋರು ವಾದವೆದ್ದು, ಮುನಿರಾಜು ನನ್ನ ಕಡೆ ತಿರುಗಿದ. "ಸಾರ್, ನೀವೇ ಒಂದು ಮಾತು ಹೇಳ್ಬಿಡಿ."

ವೃತ್ತಿಯ ಅಭ್ಯಾಸ. "ಎರಡೂ ಕಡೆಯ ವಾದ ಗಮನಿಸಿದ್ದೇನೆ. ವಿಷಯ ಪರಿಶೀಲನೆಯಲ್ಲಿದೆ" ಎಂದೆ.

ಎಲ್ಲರೂ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಸಿಂಧು ಕೂಡ. ಅದನ್ನು ನಾನು ಗೌರವ ಎಂದುಕೊಂಡೆ.

ಮಾಲೀಕರು ಗೇಮ್ ಪರೀಕ್ಷಿಸುವ ದಿನ ಸಿಂಧು ತಿಂಡಿ ತಿನ್ನದೆ ಹೋದಳು. ಸಂಜೆ ಬಂದವಳೇ ಅಮ್ಮನನ್ನು ತಬ್ಬಿಕೊಂಡಳು. ಮೊದಲ ರೈಡಿನಲ್ಲೇ ಔಟಾದ ಮಾಲೀಕರು "ಮುಟ್ಟೇ ಇಲ್ಲ ಕಣ್ರೀ" ಎಂದು ಕುರ್ಚಿಯಿಂದೆದ್ದು, ಕಾಫಿ ಆರುವವರೆಗೂ ಅಂಪೈರ್ ಜೊತೆ ಜಗಳವಾಡಿದರಂತೆ. ತರಕಾರಿ ಆ್ಯಪ್‌ನ ಮಾತೇ ಬರಲಿಲ್ಲವಂತೆ.

ಅವಳ ಫೋನ್ ತೆಗೆದುಕೊಂಡು ಗೇಮ್ ನೋಡಿದೆ. ಕಡ್ಡಿಗೊಂಬೆಗಳಿಗೆ ಮೈಕೈ ಬಂದಿತ್ತು. ಅಂಪೈರ್‌ಗೆ ನನ್ನ ಕನ್ನಡಕ, ನನ್ನ ಅರ್ಧ ತೋಳಿನ ಶರ್ಟು, ನನ್ನ ಬಕ್ಕತಲೆ. ಬಟನ್ ಒತ್ತಿದೆ. "ವಿಷಯ ಪರಿಶೀಲನೆಯಲ್ಲಿದೆ" ಎಂದ.

ಈಗ ಊಟವಾದ ಮೇಲೆ ಜಯಮ್ಮನೂ ಆಡುತ್ತಾಳೆ. ರೈಡ್ ಗೀಡ್ ಅವಳಿಗೆ ಬೇಕಿಲ್ಲ. ತನ್ನ ಆಟಗಾರನನ್ನು ಬೇಕೆಂದೇ ಔಟ್ ಮಾಡಿಸಿ, ನೇರ ಜಗಳದ ಬಟನ್‌ಗೆ ಬರುತ್ತಾಳೆ. ಮೊನ್ನೆ ಪತ್ರಿಕೆಯಿಂದ ಕಣ್ಣೆತ್ತದೆ, "ಗೆಲ್ಲೋ ಆಸೆ ಇಲ್ವೇನೆ ನಿನಗೆ?" ಎಂದು ಕೇಳಿದೆ.

"ಸುಮ್ನಿರಿ ಅತ್ಲಾಗೆ" ಎಂದಳು. "ಇವರಾದ್ರೆ ಮುಖ ನೋಡ್ಕೊಂಡು ಕೇಳಿಸ್ಕೊಳ್ತಾರೆ."