ಅತ್ತೆಯ ಮೊಟ್ಟೆ

ಅತ್ತೆಯ ಬಲಗಣ್ಣಿಗೆ ಪೊರೆ ಬಂದದ್ದು ಗುಮಾಸ್ತನಿಗೆ ದೊಡ್ಡ ಸಂಗತಿಯಾಗಿರಲಿಲ್ಲ. ಆ ಪೊರೆ ತೆಗೆಯುವ ದಿನವೇ ಅತ್ತೆಯ ಮೊಟ್ಟೆ ಒಡೆದು ಮರಿ ಹೊರಬರುವ ದಿನವೂ ಆದದ್ದೇ ಎಡವಟ್ಟಾಯಿತು.

ಮೊಟ್ಟೆ ಇದ್ದದ್ದು ಅತ್ತೆಯ ಮೊಬೈಲಿನೊಳಗೆ. ಬರಿಗೈಯಲ್ಲಿ ದ್ವೀಪವೊಂದಕ್ಕೆ ಬಂದು ಬಿದ್ದು, ಸೌದೆ ಒಟ್ಟಿ, ಮನೆ ಕಟ್ಟಿ, ಸಾಯದೆ ಬದುಕುವ ಆಟ ಅದು. ದೇಶದ ಮೂಲೆಮೂಲೆಯವರು ಒಟ್ಟಿಗೇ ಸೇರಿ ಆಡುತ್ತಿದ್ದರು. ಅಲ್ಲಿನ ಬಂಡೆಗಳ ಮೇಲೆ ಆನೆಗಾತ್ರದ ಹಕ್ಕಿಗಳು ಗೂಡು ಕಟ್ಟುತ್ತವೆ. ಮೊಟ್ಟೆ ಕದ್ದು ತಂದು, ಬೆಂಕಿಯ ಪಕ್ಕ ಬೆಚ್ಚಗಿಟ್ಟು, ಮರಿಯಾದೊಡನೆ ಮಾಂಸ ತಿನ್ನಿಸಿದರೆ ಮುಂದೆ ಆ ಹಕ್ಕಿಯ ಬೆನ್ನೇರಿ ಹಾರಬಹುದು. ಅತ್ತೆಗೆ ಜೀವನದಲ್ಲಿ ಉಳಿದಿದ್ದ ಆಸೆ ಇದೊಂದೇ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರು ಅಳಿಯನ ಕೈಗೆ ಫೋನು ಕೊಟ್ಟರು. "ನೋಡಿ ಅಳಿಯಂದ್ರೇ, ಬೆಂಕಿ ಆರಬಾರದು. ಜಾಸ್ತಿನೂ ಉರೀಬಾರದು. ಇದನ್ನ ತರೋಕೆ ಹೋಗಿ ಎಷ್ಟು ಸಲ ಸತ್ತಿದೀನೋ ನನಗೇ ಲೆಕ್ಕ ಇಲ್ಲ."

ಪಕ್ಕದಲ್ಲಿದ್ದ ನರ್ಸು ಬೆಚ್ಚಿ ನೋಡಿದಳು.

"ನಿಮ್ಮ ಮಗಳ ಕೈಲಿ ಕೊಟ್ಟಿದ್ರೆ ಆಗ್ತಿತ್ತಲ್ಲ," ಎಂದ ಗುಮಾಸ್ತ.

"ಅವಳು ನನ್ನ ನೋಡ್ಕೋತಾಳೆ. ನನಗೇನಾದ್ರೂ ಪರವಾಗಿಲ್ಲ, ಮೊಟ್ಟೆಗೇನೂ ಆಗಬಾರದು."

ಗುಮಾಸ್ತ ಇದ್ದದ್ದು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ. ಫೋನನ್ನು ಶಾಯಿಪ್ಯಾಡಿಗೆ ಒರಗಿಸಿಟ್ಟು, ಒಂದು ಕಣ್ಣು ಅದರ ಮೇಲಿಟ್ಟೇ ಕೆಲಸ ಶುರುಮಾಡಿದ. ಮೊದಲ ಕರೆ ಬಂತು. "ಸ್ವಾಮಿ, ನಲ್ಲಿ ಬರೀ ಗೊರಗೊರ ಅಂತಿದೆ, ಏನ್ ಮಾಡೋಣ?"

ಪರದೆಯಲ್ಲಿ ಬೆಂಕಿ ಸಣ್ಣಗಾಗುತ್ತಿತ್ತು. "ಇನ್ನೆರಡು ಸೌದೆ ಹಾಕಿ," ಎಂದ ಗುಮಾಸ್ತ. "ನಲ್ಲಿಗಾ ಸ್ವಾಮಿ?" ಎಂದ ಆ ಕಡೆಯವನು.

ಕದ್ದು ಬೆಲ್ಲ ತಿಂದವನ ಮುಖ ಟೈಪಿಸ್ಟಮ್ಮನ ಕಣ್ಣು ತಪ್ಪಿಸುವುದುಂಟೆ? ಅವರು ಬಂದು ಇಣುಕಿದರು. ಅವರ ಹಿಂದೆಯೇ ಲೆಕ್ಕಪತ್ರದ ಹಿರಿಯರೂ ಬಂದರು. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುತ್ತಿದ್ದುದರಿಂದ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಸಲಹೆ ಸಾಹೇಬರು ಎಂದೇ.

"ಮೊಟ್ಟೇನ ಹೀಗೆ ಒಂದೇ ಮಗ್ಗುಲಲ್ಲಿ ಮಲಗಿಸ್ತಾರೇನ್ರೀ?" ಎಂದರು ಸಾಹೇಬರು. "ಕೋಳಿ ಕೂಡ ಆಗಾಗ ಹೊರಳಿಸುತ್ತೆ."

"ಬೇಡಿ ಸಾರ್, ಅದು ನಮ್ಮತ್ತೇದು."

"ಯಾರದಾದ್ರೇನು, ಮೊಟ್ಟೆ ಮೊಟ್ಟೇನೇ." ಸಾಹೇಬರು ಬೆರಳಿಟ್ಟರು. ಎತ್ತು, ಇಡು, ತಿನ್ನು ಎಂಬ ಮೂರು ಗುಂಡಿಗಳು ಮೂಡಿದವು. ಸಾಹೇಬರ ಕನ್ನಡಕ ಅವರ ಮೇಜಿನ ಮೇಲಿತ್ತು. ಕರಕರ ಸದ್ದಾಯಿತು. ಪರದೆಯ ಮೇಲೆ "ನಿಮ್ಮ ಹಸಿವು ತೀರಿತು" ಎಂದು ಬಂತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಅಳುತ್ತಾರೆ. ಗುಮಾಸ್ತನಿಗೆ ಅದು ಬಾಯಿಗೆ ಬಂದದ್ದಕ್ಕೇ ಅಳುವಂತಾಯಿತು. ಅವನು ಇಂಗು ತಿಂದ ಮಂಗನಂತೆ ಕೂತ.

"ಅಳ್ತಾ ಕೂತ್ರೆ ಆಗುತ್ತೇನ್ರೀ? ಬೇರೆ ಮೊಟ್ಟೆ ಹುಡುಕೋಣ," ಎಂದು ಟೈಪಿಸ್ಟಮ್ಮ ಕುರ್ಚಿ ಎಳೆದುಕೊಂಡರು.

ಬಂಡೆ ಹತ್ತಿದರು. ತಾಯಿಹಕ್ಕಿ ಒದ್ದು ಕೆಳಗೆ ಕೆಡವಿತು. ಸತ್ತು, ಸಮುದ್ರದ ದಡದಲ್ಲಿ ಎದ್ದು, ಮತ್ತೆ ಹತ್ತಿದರು. ಈ ಸಲ ಹಕ್ಕಿ ನುಂಗಿತು. ಈ ನಡುವೆ ಹೆಂಡತಿಯ ಕರೆ ಬಂತು: ಆಪರೇಷನ್ ತಡವಾಗಿದೆ, ಅಮ್ಮನನ್ನು ಊಟದ ಹೊತ್ತಿಗೆ ಒಳಗೆ ಕರೆದೊಯ್ಯುತ್ತಾರಂತೆ. ಗುಮಾಸ್ತನಿಗೆ ಸ್ವಲ್ಪ ಉಸಿರು ಬಂತು.

ಊಟದ ಬಿಡುವಿನಲ್ಲಿ, ದ್ವೀಪದ ಹೊಳೆಯಾಚೆ ಹೊಗೆಯಾಡುವ ಮನೆಯೊಂದು ಕಾಣಿಸಿತು. ಬಾಗಿಲು ಹಾರುಹೊಡೆದಿತ್ತು. ಒಳಗೆ ಬೆಂಕಿಯ ಪಕ್ಕದಲ್ಲಿ ಅದೇ ಗಾತ್ರದ, ಅದೇ ಚುಕ್ಕೆಯ ಮೊಟ್ಟೆ.

"ಮನೇಲಿ ಯಾರೂ ಇಲ್ಲ," ಎಂದು ಟೈಪಿಸ್ಟಮ್ಮ ಪಿಸುಗುಟ್ಟಿದರು, ತಾವೇ ಹೊಸ್ತಿಲ ಮೇಲೆ ನಿಂತವರಂತೆ.

"ಇದು ಕಳ್ಳತನ ಆಗಲ್ವಾ?"

"ಹಕ್ಕಿ ಮನೇಲಿ ಎತ್ತಿದ್ರೆ ಮಾತ್ರ ಪುಣ್ಯವಾ?" ಎಂದರು ಸಾಹೇಬರು. "ಎತ್ರೀ ಬೇಗ. ನಾನು ಮುಟ್ಟಲ್ಲ."

ಗುಮಾಸ್ತ ಎತ್ತಿದ. ಕಚೇರಿ ಮುಗಿಯುವ ಹೊತ್ತಿಗೆ ಅತ್ತೆಯ ಮನೆಯ ಬೆಂಕಿಯ ಪಕ್ಕ ಮೊಟ್ಟೆ ಬಿರಿದು, ಒದ್ದೆ ಪುಕ್ಕದ ಮರಿ ಕೊಕ್ಕು ತೆರೆಯಿತು. ಮಾಂಸ ಕೊಟ್ಟರು, ತಿಂದಿತು, ಅಲ್ಲೇ ಬೆಂಕಿಯ ಮುಂದೆ ನಿದ್ದೆಹೋಯಿತು. ಟೈಪಿಸ್ಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಪರೇಷನ್ ಚೆನ್ನಾಗಿ ಆಯಿತೆಂದು ಹೆಂಡತಿಯಿಂದಲೂ ಕರೆ ಬಂತು. ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು.

ಸಂಜೆ ಆಸ್ಪತ್ರೆಗೆ ಹೋದಾಗ ಅತ್ತೆ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿಂಬಿಗೆ ಒರಗಿದ್ದರು. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಗುಮಾಸ್ತನ ತಾಯಿ ಬೀಗಿತ್ತಿಗೆಂದು ಸೂಪು ಮಾಡಿ ತಂದು, ಮಂಚದ ಬದಿಯಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು.

"ಮರಿ ಆಯ್ತು ಅತ್ತೆ. ಗಟ್ಟಿಮುಟ್ಟಾಗಿದೆ," ಎಂದ ಗುಮಾಸ್ತ.

ಅತ್ತೆಯ ಮುಖ ಅರಳಿತು. "ನಮ್ಮ ಅಳಿಯಂದಿರ ಕೈಗುಣ ನೋಡಿ ಬೀಗರೇ. ಆಟದಲ್ಲಿ ಒಂದು ಹಕ್ಕಿ ಮೊಟ್ಟೆ ಕಾವಿಗೆ ಇಟ್ಟಿದ್ದೆ."

ತಾಯಿ ತಟಕ್ಕನೆ ತಲೆಯೆತ್ತಿದರು. "ದ್ವೀಪದ ಆಟವಾ? ನೀವೂ ಆಡ್ತೀರಾ?"

"ಅಮ್ಮಾ, ನೀನೂ ಆಡ್ತೀಯಾ?" ಗುಮಾಸ್ತ ಬಾಗಿಲ ಕಡೆ ಒಂದು ಹೆಜ್ಜೆ ಹಿಂದಿಟ್ಟ.

"ಮತ್ತಿನ್ನೇನು ಮಾಡ್ಲಿ? ನೀನು ಮನೇಲಿ ಬಾಯೇ ಬಿಡಲ್ಲ." ತಾಯಿ ಬೀಗಿತ್ತಿಯ ಕಡೆ ತಿರುಗಿದರು. "ಮಧ್ಯಾಹ್ನ ನಿಮಗೆ ಸೂಪು ಮಾಡೋಣ ಅಂತ ಎದ್ದು ಹೋಗಿದ್ದೆ, ಅಷ್ಟೇ. ಬಂದು ನೋಡಿದ್ರೆ ಮೊಟ್ಟೆ ಇಲ್ಲ. 'ಬೆಂಕಿಚೆಂಡು ಎತ್ತಿಕೊಂಡು ಹೋಗಿದೆ' ಅಂತ ಬಂದಿದೆ. ಯಾವಳೋ ಅವಳು, ಅವಳ ಕೈ ಸೇದಿ ಹೋಗ."

ಅತ್ತೆ ಸೂಪಿನ ಲೋಟ ಕೆಳಗಿಟ್ಟರು. "ಬೆಂಕಿಚೆಂಡು ನಾನೇ. ಆಟದಲ್ಲಿ ನಾನಿಟ್ಕೊಂಡಿರೋ ಹೆಸರು."

ಹೆಂಡತಿಯ ಕೈಲಿದ್ದ ಬಟ್ಟೆ ಅರ್ಧ ಮಡಿಕೆಯಲ್ಲೇ ನಿಂತಿತು.

"ಆದ್ರೆ ಊಟದ ಹೊತ್ತಲ್ಲಿ ನಾನು ಆಪರೇಷನ್ ಟೇಬಲ್ ಮೇಲಿದ್ದೆ," ಎಂದರು ಅತ್ತೆ ನಿಧಾನವಾಗಿ.

ತಾಯಿಯ ಎರಡು ಕಣ್ಣು, ಅತ್ತೆಯ ಒಂದು ಕಣ್ಣು, ಮೂರೂ ಗುಮಾಸ್ತನ ಮೇಲೆ ಬಂದು ನಿಂತವು.

"ಹಾಗಾದ್ರೆ ನನ್ನ ಮೊಟ್ಟೆ ಎಲ್ಲಿ?" ಎಂದರು ಅತ್ತೆ.

"ತಿಂದ್ಬಿಟ್ಟೆ," ಎಂದ ಗುಮಾಸ್ತ. ಸಲಹೆ ಸಾಹೇಬರ ಕತೆ ಹೇಳಿದರೆ ನಂಬುವವರು ಯಾರು?

ಮೊದಲು ನಕ್ಕದ್ದು ತಾಯಿ. ಆಮೇಲೆ ಅತ್ತೆ, ಕಣ್ಣಿನ ಪಟ್ಟಿಯನ್ನು ಅಂಗೈಯಿಂದ ಒತ್ತಿಕೊಂಡು, "ನಗಿಸಬೇಡಿ, ಹೊಲಿಗೆ ಬಿಟ್ಟೀತು" ಎನ್ನುತ್ತಲೇ ನಕ್ಕರು. ಮದುವೆಯಾದಂದಿನಿಂದ ಅಳೆದು ತೂಗಿ ಮಾತಾಡುತ್ತಿದ್ದ ಬೀಗಿತ್ತಿಯರು ಕೈ ಕೈ ಹಿಡಿದುಕೊಂಡು ನಗುವುದನ್ನು ಕಂಡು ಗುಮಾಸ್ತ ದೊಡ್ಡದೊಂದು ನಿಟ್ಟುಸಿರು ಬಿಟ್ಟ. ಮರಿ ಇಬ್ಬರದೂ ಎಂದು ಅಲ್ಲೇ ತೀರ್ಮಾನವಾಯಿತು.

"ಡಾಕ್ಟ್ರು ಒಂದು ವಾರ ಫೋನ್ ನೋಡಬೇಡಿ ಅಂದಿದಾರೆ," ಎಂದರು ಅತ್ತೆ.

"ನಮ್ಮನೇಲೇ ಇರಿ ಬೀಗರೇ. ನಾನೂ ಮುಟ್ಟಲ್ಲ. ಆಡೋದಕ್ಕಿಂತ ಆಡಿದ್ದು ಮಾತಾಡೋದೇ ಚೆನ್ನ," ಎನ್ನುತ್ತಾ ತಾಯಿ ತಮ್ಮ ಫೋನು ತೆಗೆದು ಮಗನ ಅಂಗೈಗಿಟ್ಟರು. "ತಗೋ. ಎರಡು ಮನೆ ಬೆಂಕೀನೂ ಆರಬಾರದು. ಮರಿ ಎದ್ದಾಗೆಲ್ಲ ಊಟ ಕೊಡು. ನನ್ನ ಉಗ್ರಾಣದಲ್ಲಿ ಇನ್ನೂ ಮೂರು ಮೊಟ್ಟೆ ಇದೆ."

ಹೆಂಡತಿ ಚೀಲಕ್ಕೆ ಕೈಹಾಕಿ, ಎರಡು ಚಾರ್ಜರ್ ತೆಗೆದು ಗಂಡನ ಕಡೆ ಚಾಚಿದಳು.