ಎಂಟು ಕೋರಿನ ಪ್ರೊಸೆಸರ್

ವಿಜಯಕುಮಾರ ಬರೆದುಕೊಟ್ಟ ಎರಡು ಪುಟದ ಅರ್ಜಿಯನ್ನು ಪ್ರಾಂಶುಪಾಲ ರಾಮಕೃಷ್ಣಪ್ಪನವರು ಎರಡು ಸಾಲಿಗೆ ಇಳಿಸಿದ್ದೇ ಎಲ್ಲ ಅನಾಹುತಕ್ಕೂ ಕಾರಣವಾಯಿತು.

ಯಲಹಂಕದಾಚೆಯ ಆ ಖಾಸಗಿ ಕಾಲೇಜಿನಲ್ಲಿ ವಿಜಯಕುಮಾರನದು ವಿಡಿಯೋ ವಿಭಾಗ. ವಿಭಾಗವೆಂದರೆ ಅವನೊಬ್ಬನೇ. ಕಲಬುರಗಿಯಿಂದ ಬಂದು ಎರಡು ವರ್ಷವಾಗಿದ್ದರೂ ನೌಕರಿ ಇನ್ನೂ ತಾತ್ಕಾಲಿಕ. ಕಾಲೇಜಿನ ಬೆಳ್ಳಿಹಬ್ಬದ ಚಿತ್ರ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಹಿಡಿಸಿದರೆ ಕಾಯಂ ಮಾಡಿಸುವುದಾಗಿ ರಾಮಕೃಷ್ಣಪ್ಪನವರು ಮಾತು ಕೊಟ್ಟಿದ್ದರು. ಆದರೆ ಅವನ ಹಳೆಯ ಕಂಪ್ಯೂಟರ್, ಸಂಜೆ ಆರಕ್ಕೆ ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಕೊಂಡ ಬಸ್ಸಿನಂತೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಮೂರು ತಿಂಗಳು ತಲೆ ಕೆಡಿಸಿಕೊಂಡು, ವಿಡಿಯೋ ಕೆಲಸ ತಾಳುವ ವರ್ಕ್‌ಸ್ಟೇಷನ್ ಎಂಬ ಕಂಪ್ಯೂಟರಿಗೆ ಯಾವ ಪ್ರೊಸೆಸರ್, ಎಷ್ಟು ರ‍್ಯಾಮ್, ಎಂಥ ಗ್ರಾಫಿಕ್ಸ್ ಕಾರ್ಡ್ ಎಂದೆಲ್ಲ ವಿವರವಾಗಿ ಬರೆದಿದ್ದ.

“ಅಧ್ಯಕ್ಷರು ಇಷ್ಟೆಲ್ಲ ಓದಲ್ಲ ಕಣ್ರೀ” ಎಂದು ರಾಮಕೃಷ್ಣಪ್ಪನವರು ಕೆಂಪು ಪೆನ್ನಿನಿಂದ ಎಲ್ಲವನ್ನೂ ಹೊಡೆದುಹಾಕಿದರು. ಉಳಿದದ್ದು ಇಷ್ಟೇ: ‘ವರ್ಕ್‌ಸ್ಟೇಷನ್, ಒಂದು. ಪ್ರೊಸೆಸರ್, ಎಂಟು ಕೋರಿನದು, ಒಂದು.’ ಅದು ಉಗ್ರಾಣದ ಬಾಲರಾಜನ ಕೈಸೇರಿತು.

ಮಾಲು ಬರುವ ದಿನವೇ ಸಂಜೆ ನಾಲ್ಕಕ್ಕೆ ಅಧ್ಯಕ್ಷರು ಚಿತ್ರ ನೋಡಲು ಬರುವವರಿದ್ದರು. ಎಡಿಟಿಂಗ್ ಮುಗಿದಿತ್ತು. ಎಲ್ಲವೂ ಹಾರ್ಡ್ ಡಿಸ್ಕಿನಲ್ಲಿ, ಹಾರ್ಡ್ ಡಿಸ್ಕ್ ಬ್ಯಾಗಿನಲ್ಲಿ. ಹೊಸ ಯಂತ್ರಕ್ಕೆ ಸಿಕ್ಕಿಸಿದರೆ ಎಲ್ಲವನ್ನೂ ಒಂದೇ ಚಿತ್ರವಾಗಿ ಹೊರತೆಗೆಯುವುದು ಅರ್ಧ ಗಂಟೆಯ ಕೆಲಸ; ಕಾಲೇಜಿನ ಬೇರೆ ಕಂಪ್ಯೂಟರುಗಳಿಗೆ ಅದು ಆಗುತ್ತಿರಲಿಲ್ಲ. ವಿಜಯಕುಮಾರ ಬೆಳಿಗ್ಗೆ ಹತ್ತಕ್ಕೆ ಹುರುಪಿನಿಂದ ಕೋಣೆಯ ಬಾಗಿಲು ತೆರೆದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಕೋಣೆ ಬರಿದಾಗಿತ್ತು; ನಡುವೆ ಬಾಲರಾಜನೊಬ್ಬನೇ ನಿಂತಿದ್ದ.

“ನನ್ನ ಕಂಪ್ಯೂಟರ್ ಎಲ್ಲಿ ಹೋತ್ರೀ?”

“ಗುಜರಿಗೆ ಹಾಕ್ಬಿಟ್ಟೆ ಸಾರ್” ಎಂದ ಬಾಲರಾಜ, ಉಪಕಾರ ಮಾಡಿದವನ ಮುಖದಲ್ಲಿ. “ಹೊಸದು ಬರೋ ದಿನ ಹಳೇದು ಕಣ್ಣಿಗೆ ಬೀಳ್ಬಾರ್ದು. ಟೇಬಲ್ಲೂ ಕೊಟ್ಟೆ. ಲಾರಿ ಬಂತು ನೋಡಿ!”

ಒಂದು ಕಂಪ್ಯೂಟರಿಗೆ ಲಾರಿ ಯಾಕೆ ಎಂದು ವಿಜಯಕುಮಾರ ಯೋಚಿಸುವಷ್ಟರಲ್ಲಿ ಇಬ್ಬರು ಬಡಗಿಗಳು ಹಲಗೆ ಹೊತ್ತು ಒಳಗೆ ನುಗ್ಗಿದರು. ಹಿಂದೆಯೇ ನೀಲಿ ಬಟ್ಟೆಯ ಅಡ್ಡಗೋಡೆಗಳು, ಡ್ರಾಯರುಗಳು, ತಿರುಗುವ ಕುರ್ಚಿ. ಒಂದೇ ಗಂಟೆಯಲ್ಲಿ ಬ್ಯಾಂಕ್ ಮ್ಯಾನೇಜರರಿಗೂ ಹೊಟ್ಟೆಕಿಚ್ಚಾಗುವಂಥ ಮೇಜು ಎದ್ದು ನಿಂತಿತು.

“ಏನ್ರೀ ಇದು?”

“ವರ್ಕ್‌ಸ್ಟೇಷನ್ನು ಸಾರ್! ಯಶವಂತಪುರದಲ್ಲಿ ನಾಲ್ಕು ಅಂಗಡಿ ಅಲೆದು ತಂದಿದೀನಿ. ಗೆದ್ದಲು ಹಿಡಿಯಲ್ವಂತೆ.”

ವಿಜಯಕುಮಾರ ತಿರುಗುವ ಕುರ್ಚಿಯಲ್ಲಿ ಕುಸಿದ. ಅದು ಅವನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಬಾಲರಾಜನ ಎದುರಿಗೇ ತಂದು ನಿಲ್ಲಿಸಿತು. ಗದ್ದಲ ಕೇಳಿ ಬಂದ ರಾಮಕೃಷ್ಣಪ್ಪನವರು ಮೇಜನ್ನು ಸವರಿ, “ವಿಡಿಯೋ ವಿಭಾಗಕ್ಕೆ ಇದು ಜಾಸ್ತಿ ಆಯ್ತು. ನನ್ನ ರೂಮಿಗೆ ಹಾಕಿಸಪ್ಪ” ಎಂದರು. ಬಡಗಿಗಳು ಕಟ್ಟಿದ್ದನ್ನೆಲ್ಲ ಬಿಚ್ಚಿ ಹೊತ್ತುಕೊಂಡು ಹೋಗುವಷ್ಟರಲ್ಲಿ ಮಧ್ಯಾಹ್ನ ಎರಡಾಯಿತು. ಕುರ್ಚಿಯೂ ಹೋಯಿತು.

ಬರಿಗೋಣೆಯಲ್ಲಿ ನಿಂತ ವಿಜಯಕುಮಾರನಿಗೆ ತಟ್ಟನೆ ಜೀವ ಬಂತು. ಎರಡನೆಯ ಸಾಲು! ಪ್ರೊಸೆಸರ್ ಒಂದಿದ್ದರೆ ಲ್ಯಾಬಿನ ಯಾವುದಾದರೂ ಕಂಪ್ಯೂಟರಿಗೆ ಕೂರಿಸಬಹುದು.

“ಬಾಲರಾಜ್, ಪ್ರೊಸೆಸರ್ ಬಂದದ ಏನ್ರೀ?”

“ನಿನ್ನೆನೇ ಬಂತಲ್ಲ ಸಾರ್. ಎಂಟು ಕೋರಿಂದು ಎಲ್ಲೂ ಸಿಗ್ಲಿಲ್ಲ. ನಾಲ್ಕು ಜಾರಿಂದು ಸಿಕ್ತು.”

“ನಾಲ್ಕು... ಏನು?”

“ಜಾರು. ಕ್ಯಾಂಟೀನಲ್ಲಿ ಓಡ್ತಾ ಇದೆ, ಹೋಗಿ ನೋಡಿ.”

ವಿಜಯಕುಮಾರ ಓಡಿದ, ಹಿಂದೆಯೇ ಬಾಲರಾಜನೂ. ಕ್ಯಾಂಟೀನಿನ ಅಂಜಿನಮ್ಮ ಹೊಸ ಫುಡ್ ಪ್ರೊಸೆಸರಿನ ಮುಂದೆ ನಿಂತು ತೆಂಗಿನಕಾಯಿ ಹಾಕುತ್ತಿದ್ದಳು. ಅವನನ್ನು ಕಂಡು ಅವಳ ಮುಖ ಅರಳಿತು.

“ಬನ್ನಿ ಸಾಮಿ! ಇಂಗೆ ಒತ್ತುದ್ರೆ ಸಾಕು, ಬೆಣ್ಣೆ ಆಗೋಯ್ತದೆ. ನನ್ನ ರಟ್ಟೆ ಉಳಿಸುದ್ರಿ ನೀವು.”

ಅವನು ಉತ್ತರಿಸುವ ಮುನ್ನ ಬೆನ್ನ ಹಿಂದೆ ಕುರ್ಚಿ ಸರಿಯಿತು. ಎರಡು ಗಂಟೆ ಮೊದಲೇ ಬಂದಿದ್ದ ಅಧ್ಯಕ್ಷರು ದೋಸೆಯ ತಟ್ಟೆಯೊಂದಿಗೆ ಎದ್ದು ನಿಂತಿದ್ದರು. ಪಕ್ಕದಲ್ಲಿ ಬೆವರುತ್ತಿದ್ದ ರಾಮಕೃಷ್ಣಪ್ಪನವರು.

“ಈ ಮೆಷಿನ್ ಯಾರ್ ತರ್ಸಿದ್ದು?” ಅಧ್ಯಕ್ಷರು ಗುಡುಗಿದರು.

“ಇವರೇ” ಎಂದು ಅಂಜಿನಮ್ಮ, ಬಾಲರಾಜ, ರಾಮಕೃಷ್ಣಪ್ಪನವರು ಮೂವರೂ ಒಟ್ಟಿಗೆ ವಿಜಯಕುಮಾರನತ್ತ ಕೈ ತೋರಿಸಿದರು. “ಬರೀ ಟೆಂಪರರಿ ಸಾರ್” ಎಂದು ರಾಮಕೃಷ್ಣಪ್ಪನವರು ಸೇರಿಸಿದರು.

ಕೆಲಸ ಹೋಯಿತು ಎಂದುಕೊಂಡು ಅವನು ಕಣ್ಣು ಮುಚ್ಚಿದ.

“ಇಪ್ಪತ್ತೈದು ವರ್ಷದಿಂದ ಇಲ್ಲಿ ತಿಂತಾ ಇದೀನಿ” ಎಂದರು ಅಧ್ಯಕ್ಷರು. “ಚಟ್ನಿ ಅನ್ನೋದನ್ನ ಇವತ್ತೇ ನೋಡಿದ್ದು! ಇವರಿನ್ನೂ ಟೆಂಪರರಿನಾ? ನಾಚಿಕೆ ಆಗ್ಬೇಕು ಕಣ್ರೀ ನಿಮಗೆ. ಇವತ್ತೇ ಕಾಯಂ ಮಾಡಿ.”

ವಿಜಯಕುಮಾರ ಅಳಬೇಕೋ ನಗಬೇಕೋ ತಿಳಿಯದೆ, “ಭಾಳ ಉಪಕಾರ ಆತ್ರೀ ಸರ್. ಆ ಬೆಳ್ಳಿಹಬ್ಬದ ವಿಡಿಯೋ ಒಂದು ಸ್ವಲ್ಪ...” ಎಂದು ತೊದಲಿದ.

“ಅಯ್ಯೋ, ಅದರ ಯೋಚನೆ ನಿಮಗೆ ಯಾಕ್ರೀ? ಕ್ಯಾಂಟೀನ್ ಮ್ಯಾನೇಜರ್ ಕೆಲಸ ಅಂದ್ರೆ ಸುಮ್ನೆನಾ?” ಎಂದು ಅಧ್ಯಕ್ಷರು ಅವನ ಭುಜ ತಟ್ಟಿದರು. ಆಮೇಲೆ ರಾಮಕೃಷ್ಣಪ್ಪನವರತ್ತ ತಿರುಗಿದರು. “ವಿಡಿಯೋ ಎಲ್ಲ ಇನ್ಮೇಲೆ ಬಾಲರಾಜ್ ನೋಡ್ಕೊಳ್ಲಿ. ಪಾಪ, ಅವನಿಗೊಂದು ಒಳ್ಳೆ ಕಂಪ್ಯೂಟರ್ ಕೊಡ್ಸಿ.”