ಸುಗತನ್ ಉಪವಾಸ ಕೂತದ್ದು

ಆಲಪ್ಪುಳದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಸುಗತನ್ ಏಳು ತಿಂಗಳಿಂದ ಸರಿಯಾಗಿ ಉಂಡಿರಲಿಲ್ಲ. ಮನಸ್ಸಿಗೆ ಮಂಕು ಕವಿದು, ಮೀನುಸಾರೂ ಬಾಯಲ್ಲಿ ಮರಳಿನ ಹಾಗಾಗಿತ್ತು. ಇದನ್ನೇ ದೊಡ್ಡ ಅರ್ಹತೆಯೆಂದು ಬಗೆದ ನೌಕರರ ಸಂಘದ ಕಾರ್ಯದರ್ಶಿ ದಿವಾಕರನ್, ಅಧಿಕಾರಿಗಳು ಮುಚ್ಚಿಸಿದ್ದ ಕಚೇರಿಯ ಕ್ಯಾಂಟೀನ್ ತೆರೆಸುವ ಒಂದು ದಿನದ ಉಪವಾಸಕ್ಕೆ ಅವನ ಹೆಸರು ಬರೆದುಬಿಟ್ಟು, ಅಣ್ಣನನ್ನು ಕರೆಯುವ ಸಲಿಗೆಯಲ್ಲಿ ಹೇಳಿದ:

"ನೀವು ಹೇಗೂ ತಿನ್ನೋದಿಲ್ಲ ಚೇಟ್ಟಾ. ಒಳಗೆ ತಿನ್ನದೆ ಇರೋದನ್ನ ಹೊರಗೆ ಬಂದು ತಿನ್ನದೆ ಇರಿ, ಅಷ್ಟೇ!"

ಸುಗತನ್ ಹತ್ತು ದಿನದ ಹಿಂದೆಯೇ ಗುಟ್ಟಾಗಿ ಡಾಕ್ಟರಮ್ಮನ ಬಳಿ ಹೋಗಿ ಬಂದದ್ದು ದಿವಾಕರನ್‌ಗೆ ತಿಳಿಯದು. ಮಿರ್ಟಜಪೀನ್ ಮಾತ್ರೆ ಬರೆಯುತ್ತಾ ಆಕೆ ಬಿಡಿಸಿ ಹೇಳಿದ್ದರು: "ಮಾಮೂಲಿ ಮಾತ್ರೆಗಳು ಮಿದುಳಲ್ಲಿ ಸೆರೊಟೋನಿನ್ ವಾಪಸ್ ಹೋಗದ ಹಾಗೆ ತಡೀತವೆ. ಇದರ ದಾರಿ ಬೇರೆ. ಬ್ರೇಕ್ ಮೇಲಿನ ಕಾಲು ತೆಗೆದ ಹಾಗೆ, ಸೆರೊಟೋನಿನ್, ನಾರ್‌ಅಡ್ರಿನಲಿನ್ ಎರಡೂ ಜಾಸ್ತಿ ಹರೀತವೆ. ಮನಸ್ಸು ತಿಳಿಯಾಗೋಕೆ ಕೆಲವು ವಾರ ಬೇಕು. ಹಸಿವು, ನಿದ್ದೆ ಮಾತ್ರ ಮೊದಲೇ ಬಂದುಬಿಡ್ತವೆ."

ಹಸಿವು ಬಂತು. ಉಪವಾಸದ ದಿನ ಬೆಳಿಗ್ಗೆ ಹತ್ತಕ್ಕೆ, ಪೆಂಡಾಲಿನಲ್ಲಿ, ಕೊರಳಿಗೆ ಕೆಂಪು ಹಾರ ಬಿದ್ದ ಮೇಲೆ.

ಹೊಟ್ಟೆಯೊಳಗೆ ಯಾರೋ ಚೆಂಡೆ ಬಾರಿಸಿದ ಹಾಗಾಯಿತು. ಅವನು ಬಾಯಿಗೆ ಕೈ ಅಡ್ಡ ಹಿಡಿದು ಹೆಂಡತಿಗೆ ಫೋನ್ ಮಾಡಿದ.

"ರಾಧಾಮಣಿ, ನಂಗೆ ಹಸಿವಾಗ್ತಿದೆ ಕಣೇ."

ಆ ಕಡೆ ಮೂಗೆಳೆಯುವ ಸದ್ದು. ಉಪವಾಸದ ವಿಷಯ ಹೇಳುವಷ್ಟರಲ್ಲಿ ಫೋನ್ ಕಟ್ಟಾಯಿತು.

ಹನ್ನೆರಡೂವರೆಗೆ ರಾಧಾಮಣಿ ಬಾಳೆಲೆಯ ಪೊಟ್ಟಣ ಹಿಡಿದು ನೇರ ಪೆಂಡಾಲಿಗೇ ನುಗ್ಗಿದಳು. ಅನ್ನ, ಮೊಸರು ಚಟ್ನಿ, ಹುರಿದ ಕರಿಮೀನು.

"ಅಯ್ಯೋ ಚೇಚ್ಚಿ, ಪೇಪರಿನವರಿದ್ದಾರೆ!" ದಿವಾಕರನ್ ಅಡ್ಡ ಬಂದ.

"ಏಳು ತಿಂಗಳ ಮೇಲೆ ನನ್ನ ಗಂಡ ಹಸಿವು ಅಂದಿದ್ದಾರೆ. ಪೇಪರಿನವರಿಗೂ ಒಂದೊಂದು ತುತ್ತು ಕೊಡ್ತೀನಿ, ಸರೀರಿ ಆ ಕಡೆ!"

ದಿವಾಕರನ್ ಪೊಟ್ಟಣ ಕಿತ್ತು ಸಂಘದ ಸಂಗಾತಿಗಳತ್ತ ಎತ್ತಿ ಹಿಡಿದ. "ನೋಡಿ ಸಖಾಕ್ಕಳೇ! ಅಧಿಕಾರಿಗಳು ಒಡ್ಡಿದ ಆಮಿಷ!"

ಘೋಷಣೆ ಮೊಳಗಿತು. ಸಾಕ್ಷಿಯೆಂದು ಪೊಟ್ಟಣವನ್ನು ಬಿಚ್ಚಿ ಸುಗತನ್‌ನ ಮೂಗಿನ ಕೆಳಗೇ ಇಟ್ಟರು. ಕರಿಮೀನಿನ ವಾಸನೆಗೆ ಅವನ ಕಣ್ಣಲ್ಲಿ ಧಾರಾಕಾರ ನೀರು. ಫೋಟೊ ತೆಗೆದರು.

ಮಧ್ಯಾಹ್ನದ ಧಗೆಗೆ ನಿದ್ದೆಯೂ ಬಂತು. ಅವನು ಕುರ್ಚಿಯಿಂದ ಒದ್ದೆ ಬಟ್ಟೆಯಂತೆ ಜಾರಿದ.

"ಸುಗತನ್ ಚೇಟ್ಟ ಬಿದ್ದೋದ್ರು!"

ಅಧಿಕಾರಿ ಏಲಿಯಾಮ್ಮ ಚಪ್ಪಲಿ ಬಿಟ್ಟು ಓಡಿಬಂದರು. "ನಾಳೆಯೇ ಕ್ಯಾಂಟೀನ್ ತೆರೀತೀನಿ! ಮೊದಲು ಈ ಮನುಷ್ಯನ್ನ ಬದುಕಿಸಿ!"

ನಿಂಬೆ ಶರಬತ್ತು ತುಟಿಗೆ ತಾಗಿ ಸುಗತನ್ ಕಣ್ಣು ಬಿಟ್ಟ. ಉಪವಾಸ ಮುಗಿದಿತ್ತು! ರಾಧಾಮಣಿ ಎಲೆಯನ್ನು ಅವನತ್ತ ತಳ್ಳಿದಳು. ಅವನು ಮೀನು ಮುರಿದು, ಅನ್ನ ಕಲಸಿ, ಮೊದಲ ತುತ್ತು ಎತ್ತಿದ.

ಅಷ್ಟರಲ್ಲಿ ದಿವಾಕರನ್ ಮೈಕಿನಲ್ಲಿ ಗುಡುಗಿದ. "ಸಖಾಕ್ಕಳೇ, ಕೊಲ್ಲಂ ಶಾಖೆಯಿಂದ ಈಗಷ್ಟೇ ಫೋನ್ ಬಂತು! ಸೋಮವಾರದಿಂದ ಅಲ್ಲಿ ಅನಿರ್ದಿಷ್ಟಾವಧಿ ಉಪವಾಸ. ನಮ್ಮ ಸುಗತನ್ ಚೇಟ್ಟನೇ ಬೇಕಂತೆ!"

ಜನ ಹುಚ್ಚೆದ್ದು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ತುತ್ತು ಬಿದ್ದೀತೆಂದು ಸುಗತನ್ ಕೈಯನ್ನು ಬಿಗಿಯಾಗಿ ಮುಚ್ಚಿ ಮೇಲೆತ್ತಿದ. ಕೆಳಗಿದ್ದ ನೂರು ಮಂದಿಯೂ ಹಾಗೆಯೇ ಮುಷ್ಟಿ ಎತ್ತಿ ಜಯಕಾರ ಹಾಕಿದರು.